ಲಿಫ್ಟಿಗೆ ಇನ್‌ಸ್ಪೆಕ್ಟರ್ ಇದ್ದಾನೆ, ಅಜ್ಜಿಯ ಕೋಣೆಗೆ?

ಆ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ನ್ಯೂಸ್‌ರೂಮಿಗೆ ಒಂದು ಸಿಸಿಟಿವಿ ತುಣುಕು ಬಂತು. ಯಾರದೋ ಮನೆಯ ಕೋಣೆ. ಮಂಚದ ಮೇಲೆ ವಯಸ್ಸಾದ ತಾಯಿ. ಪಕ್ಕದಲ್ಲಿ ನೋಡಿಕೊಳ್ಳೋಕೆ ಇಟ್ಟಿದ್ದ ಆಯಾ. ಊಟ ಬೇಡ ಅಂತ ಆ ತಾಯಿ ಮುಖ ತಿರುಗಿಸಿದ್ದಕ್ಕೆ ಆಯಾ ಕೆನ್ನೆಗೆ ಹೊಡೆದಳು. ಅಷ್ಟೇ. ಎಂಟು ಸೆಕೆಂಡು. ನಾವು ಅದಕ್ಕೆ ಕೆಂಪು ವೃತ್ತ ಹಾಕಿದೆವು, ಬಾಣದ ಗುರುತು ಹಾಕಿದೆವು, ಸ್ಲೋ ಮೋಷನ್ ಮಾಡಿದೆವು, ಹಿಂದೆ ಮ್ಯೂಸಿಕ್ ಸೇರಿಸಿದೆವು. ರಾತ್ರಿ ಒಂಬತ್ತರವರೆಗೆ ಎಷ್ಟು ಸಲ ತೋರಿಸಿದೆವೋ ಲೆಕ್ಕ ಇಟ್ಟಿಲ್ಲ. "ಇವಳು ಆಯಾನಾ, ರಾಕ್ಷಸಿನಾ?" ಅಂತ ಕ್ಯಾಮೆರಾ ನೋಡಿ ಕೇಳಿದವನು ನಾನೇ.

ಹತ್ತೂವರೆಗೆ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಅಜ್ಜಿ ಬೆನ್ನು ನೋಡು ಬಾ" ಅಂದಳು.

ಸೊಂಟದ ಮೂಳೆ ಮುರಿದು ಅಜ್ಜಿ ಹಾಸಿಗೆ ಹಿಡಿದು ಆಗ ಏಳೆಂಟು ತಿಂಗಳಾಗಿತ್ತು. ಹಗಲೂ ರಾತ್ರಿ ಇರೋಕೆ ಒಂದು ಬ್ಯೂರೋದಿಂದ ಆಯಾ ತಂದಿದ್ದೆವು. ಅಮ್ಮ ಅಜ್ಜಿಯನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದಳು. ಬಾಲಮೂಳೆಯ ಹತ್ತಿರ ಐದು ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ಕಿತ್ತು ಹೋಗಿ, ಒಳಗಿನ ಕೆಂಪು ಕಾಣುತ್ತಿತ್ತು. ಬೆಡ್‌ಸೋರ್. ಹಾಸಿಗೆ ಹುಣ್ಣು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಯಾಳನ್ನು ಕರೆದೆ. ರಾಯಚೂರು ಕಡೆಯ ಹೆಂಗಸು, ನಲವತ್ತರ ಆಸುಪಾಸು. ನಾವು ಅಕ್ಕ ಅಂತಲೇ ಕರೆಯುತ್ತಿದ್ದೆವು. "ಏನಕ್ಕಾ ಇದು? ನೋಡ್ಕೊಳ್ಳೋಕೆ ತಾನೆ ನೀವಿರೋದು?" ಅಂತ ದನಿ ಎತ್ತಿದೆ. ಆಕೆ ಅಳಲಿಲ್ಲ, ಜಗಳ ಮಾಡಲಿಲ್ಲ. ಒಂದೇ ಮಾತು ಅಂದಳು: "ಮಲಗಿದ ಮಂದಿನ ಎರಡು ತಾಸಿಗೊಮ್ಮೆ ಮಗ್ಗಲಾ ಬದಲ್ ಮಾಡಬೇಕಂತ ನನಗ ಯಾರೂ ಹೇಳಿಲ್ರೀ ಅಣ್ಣಾರ. ಅಜ್ಜಿಗೆ ನೋವಾಗ್ತದಂತ ಅಲ್ಲಾಡಸದ ಮಲಗಸ್ತಿದ್ದೆ."

ನೋವಾಗುತ್ತೆ ಅಂತ ಅಲ್ಲಾಡಿಸದೆ ಮಲಗಿಸಿದ್ದಾಳೆ. ಅದು ಪ್ರೀತಿ. ಅದೇ ಹುಣ್ಣಾಗಿದೆ. ಇಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ. ಕೆಂಪು ವೃತ್ತ ಎಲ್ಲಿ ಹಾಕೋದು?

ಮಾರನೇ ದಿನ ಬ್ಯೂರೋಗೆ ಹೋದೆ. ಎರಡು ಮೇಜು, ಒಂದು ಫ್ಯಾನು, ಗೋಡೆಯ ಮೇಲೆ ಅಂಗಡಿ-ವಾಣಿಜ್ಯ ಸಂಸ್ಥೆಗಳ ನೋಂದಣಿ ಪತ್ರ. ಕಿರಾಣಿ ಅಂಗಡಿಯಲ್ಲೂ ಇರುತ್ತಲ್ಲ, ಅದೇ. "ಇವರಿಗೆ ಟ್ರೇನಿಂಗ್ ಏನು ಕೊಟ್ಟಿದ್ದೀರಿ?" ಅಂತ ಕೇಳಿದೆ. "ಸರ್, ನಾವು ಬರೀ ಪರಿಚಯ ಮಾಡಿಕೊಡೋರು" ಅಂದರು. ನಾವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಪ್ರತಿ ತಿಂಗಳೂ ಆ ಪರಿಚಯಕ್ಕೇ ಹೋಗುತ್ತಿತ್ತು ಅನ್ನೋದು ಆಮೇಲೆ ಅಕ್ಕನಿಂದ ಗೊತ್ತಾಯಿತು.

ನಾನು ಓದಿದ್ದು ಎಂಜಿನಿಯರಿಂಗ್. ಆವತ್ತು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತುವಾಗ ಒಂದು ವಿಷಯ ತಲೆಗೆ ಹೊಳೆಯಿತು. ಕರ್ನಾಟಕದಲ್ಲಿ ಲಿಫ್ಟ್ ಓಡಿಸಬೇಕಾದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬ್‌ಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಆಗಬೇಕು. ಆದರೆ ಅದೇ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗಿ, ಎದ್ದು ಕೂರಲಾರದ ಒಬ್ಬ ಮುದುಕಿಗೆ ಸ್ನಾನ ಮಾಡಿಸಿ, ಉಣಿಸಿ, ಡೈಪರ್ ಬದಲಾಯಿಸುವ ಕೆಲಸ ಇದೆಯಲ್ಲ, ಅದನ್ನು ಸರಿಯಾಗಿ ಮಾಡುತ್ತಿದ್ದಾರಾ ಅಂತ ನೋಡೋಕೆ ಯಾರು ಬರುತ್ತಾರೆ?

ಈ ಪ್ರಶ್ನೆ ಬೇರೆ ಯಾರಾದರೂ ಕೇಳಿಕೊಂಡಿದ್ದಾರಾ ಅಂತ ಹುಡುಕುತ್ತಾ ಹೋದೆ. ಹುಡುಕಾಟ ಇಂಗ್ಲೆಂಡಿಗೆ ಕರೆದುಕೊಂಡು ಹೋಯಿತು. ಯಾಕೆ ಅಂದರೆ, ಮನೆಗೆ ಬಂದು ಆರೈಕೆ ಮಾಡುವ ಕೆಲಸಕ್ಕೆ ಅಲ್ಲಿ ನೂರಾ ಅರವತ್ತು ವರ್ಷಕ್ಕಿಂತ ಹೆಚ್ಚಿನ ದಾಖಲೆ ಇದೆ. ಅವರು ಸರಿ ಮಾಡಿದ್ದೂ ಬರೆದಿಟ್ಟಿದ್ದಾರೆ, ಕೆಡಿಸಿದ್ದೂ ಬರೆದಿಟ್ಟಿದ್ದಾರೆ. ಕೆಡಿಸಿದ್ದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಕಥೆ ಶುರುವಾಗೋದು 1859ರಲ್ಲಿ, ಲಿವರ್‌ಪೂಲ್ ಬಂದರಿನಲ್ಲಿ. ವಿಲಿಯಂ ರಾಥ್‌ಬೋನ್ ಅಂತ ಒಬ್ಬ ದೊಡ್ಡ ವ್ಯಾಪಾರಿ. ಹೆಂಡತಿ ಲುಕ್ರೀಷಿಯಾ ಕಾಯಿಲೆ ಬಿದ್ದು ತೀರಿಹೋದಳು. ಕೊನೆಯ ದಿನಗಳಲ್ಲಿ ಮನೆಯಲ್ಲೇ ಇದ್ದು ಅವಳನ್ನು ನೋಡಿಕೊಂಡಿದ್ದು ಮೇರಿ ರಾಬಿನ್ಸನ್ ಅನ್ನೋ ನರ್ಸ್. ಹೆಂಡತಿ ಹೋದ ಮೇಲೆ ರಾಥ್‌ಬೋನ್‌ಗೆ ಒಂದು ಯೋಚನೆ ಹತ್ತಿತು. ಇಷ್ಟು ಹಣ ಇದ್ದ ನನ್ನ ಮನೆಯಲ್ಲೇ ಈ ನರ್ಸ್ ಬಂದಿದ್ದರಿಂದ ಇಷ್ಟು ನೆಮ್ಮದಿ ಸಿಕ್ಕಿತು. ಏನೂ ಇಲ್ಲದ ಬಡವರ ಮನೆಯಲ್ಲಿ ಹೇಗೆ? ಮೇರಿಗೆ ಮೂರು ತಿಂಗಳ ಸಂಬಳ ಕೊಟ್ಟು, ಲಿವರ್‌ಪೂಲಿನ ಕಡುಬಡವರ ಕೇರಿಗೆ ಹೋಗಿ ಮನೆಮನೆಯ ರೋಗಿಗಳನ್ನು ನೋಡಿಕೊಳ್ಳಲು ಹೇಳಿದ.

ಒಂದು ತಿಂಗಳಿಗೆ ಮೇರಿ ಅಳುತ್ತಾ ವಾಪಸ್ ಬಂದಳು. ಅಲ್ಲಿನ ಗೋಳು ನೋಡೋಕಾಗಲ್ಲ, ನನ್ನನ್ನು ಬಿಟ್ಟುಬಿಡಿ ಅಂದಳು. ರಾಥ್‌ಬೋನ್ ಸಮಾಧಾನ ಹೇಳಿ ಮತ್ತೆ ಕಳಿಸಿದ. ಮೂರು ತಿಂಗಳು ಮುಗಿದಾಗ ಮೇರಿಯೇ ಇನ್ನು ಈ ಕೆಲಸ ಬಿಡಲ್ಲ ಅಂದಳು. ರೋಗಿ ಎದ್ದು ಕೂತಿದ್ದನ್ನು, ಮನೆಯವರು ತಾವೇ ಆರೈಕೆ ಮಾಡೋದು ಕಲಿತಿದ್ದನ್ನು ಆಕೆ ಕಣ್ಣಾರೆ ನೋಡಿದ್ದಳು.

ರಾಥ್‌ಬೋನ್ ಇಂಥ ಇನ್ನಷ್ಟು ನರ್ಸ್‌ಗಳನ್ನು ಹುಡುಕಿದ. ಸಿಗಲಿಲ್ಲ. ಕಲಿತವರೇ ಇರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್‌ಗೆ ಪತ್ರ ಬರೆದ. ಆಕೆಯ ಸಲಹೆ ನೇರವಾಗಿತ್ತು: ಸಿಗೋದಿಲ್ಲ, ನೀವೇ ತಯಾರು ಮಾಡಿ. ಲಿವರ್‌ಪೂಲ್ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ ಸೇರಿದಂತೆ ತರಬೇತಿ ಶಾಲೆ ಕಟ್ಟಿದರು. ಊರನ್ನು 18 ವಿಭಾಗ ಮಾಡಿದರು. ಒಂದೊಂದು ವಿಭಾಗಕ್ಕೆ ನರ್ಸ್, ಆಕೆಯ ಕೆಲಸ ನೋಡಿಕೊಳ್ಳೋಕೆ ಒಬ್ಬ ಮೇಲ್ವಿಚಾರಕಿ. ಡಿಸ್ಟ್ರಿಕ್ಟ್ ನರ್ಸಿಂಗ್ ಅಂತ ಇವತ್ತು ಏನನ್ನು ಕರೆಯುತ್ತಾರೋ ಅದು ಹುಟ್ಟಿದ್ದು ಹೀಗೆ.

ಇಲ್ಲಿ ಒಂದು ವಿಷಯ ಗಮನಿಸಿ. 1876ರಲ್ಲಿ ನೈಟಿಂಗೇಲ್ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಒಂದು ಪತ್ರ ಬರೆಯುತ್ತಾರೆ. ಅದರಲ್ಲಿನ ವಾದ ಏನು ಗೊತ್ತಾ? ಮನೆಗೆ ಹೋಗುವ ನರ್ಸ್‌ಗೆ ಆಸ್ಪತ್ರೆಯ ನರ್ಸ್‌ಗಿಂತ ಹೆಚ್ಚು ತರಬೇತಿ ಬೇಕು. ಕಮ್ಮಿ ಅಲ್ಲ, ಹೆಚ್ಚು! ಆಸ್ಪತ್ರೆಯಲ್ಲಿ ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ, ಹಿರಿಯ ಸಿಸ್ಟರ್ ಇರುತ್ತಾರೆ, ಸಲಕರಣೆ ಇರುತ್ತೆ. ಮನೆಯಲ್ಲಿ ಅವಳು ಒಬ್ಬಳೇ. ನೋಡಬೇಕಾದ್ದನ್ನು ಅವಳೇ ನೋಡಬೇಕು, ಮಾಡಬೇಕಾದ್ದನ್ನು ಅವಳೇ ಮಾಡಬೇಕು. ನಾವೇನು ಮಾಡಿದ್ದೇವೆ? ಆಸ್ಪತ್ರೆಗೆ ಡಿಗ್ರಿ ಆದವರು, ಮನೆಗೆ ಏನೂ ಹೇಳಿಕೊಡದವರು. ಪೂರ್ತಿ ಉಲ್ಟಾ.

ಲಂಡನ್ನಿನಲ್ಲಿ 1874ರಲ್ಲಿ ಇಂಥದ್ದೇ ಸಂಘ ಶುರುವಾದಾಗ ಅದರ ಮುಖ್ಯಸ್ಥೆ ಫ್ಲಾರೆನ್ಸ್ ಲೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಿನವಿಡೀ ಮನೆಮನೆ ಸುತ್ತುವ ನರ್ಸ್‌ಗಳು ಸಂಜೆ ಒಂದೇ ವಸತಿಗೆ ಬರಬೇಕು. ಮೇಲ್ವಿಚಾರಕಿಯೂ ಅಲ್ಲೇ ಇರಬೇಕು. ಯಾಕೆ? ಒಬ್ಬಳೇ ಕೆಲಸ ಮಾಡುವವಳಿಗೆ ಕಷ್ಟ ಹೇಳಿಕೊಳ್ಳೋಕೆ, ಡೌಟ್ ಕೇಳೋಕೆ, ತಪ್ಪು ತಿದ್ದಿಕೊಳ್ಳೋಕೆ ಒಂದು ಜಾಗ ಬೇಕು. 1887ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಐವತ್ತನೇ ವರ್ಷಕ್ಕೆ ದೇಶದ ಹೆಂಗಸರು ಕೂಡಿಸಿಕೊಟ್ಟ ಹಣ ಈ ಕೆಲಸಕ್ಕೇ ಹೋಯಿತು, ದೇಶದ ಉದ್ದಗಲಕ್ಕೂ ಹಬ್ಬಿತು.

ಕಲಿಸೋದು, ಸಾಕಷ್ಟು ಸಮಯ ಕೊಡೋದು, ಮೇಲಿಂದ ಒಬ್ಬರು ಬಂದು ನೋಡೋದು. 1880ರ ದಶಕದ ಹೊತ್ತಿಗೇ ಈ ಮೂರೂ ಅವರಿಗೆ ಗೊತ್ತಿತ್ತು. ಹಾಗಾದರೆ ಆಮೇಲೆ ಎಡವಿದ್ದೆಲ್ಲಿ?

ಎರಡು ಕಡೆ. ಮೊದಲನೆಯದು, ಕೆಲಸವನ್ನು ಎರಡು ಭಾಗ ಮಾಡಿದರು. ಇಂಜೆಕ್ಷನ್, ಡ್ರೆಸ್ಸಿಂಗ್ ನರ್ಸ್‌ಗೆ. ಅಡುಗೆ, ಕಸ, ಬಟ್ಟೆಗೆ 'ಹೋಂ ಹೆಲ್ಪ್'. ಈ ಹೋಂ ಹೆಲ್ಪ್‌ಗಳು ಶುರುವಾಗಿದ್ದು 1918ರ ತಾಯಿ-ಮಗು ಕಲ್ಯಾಣ ಕಾಯ್ದೆಯಿಂದ, ಮೊದಲಿಗೆ ಬಾಣಂತಿಯರ ಮನೆಗೆ. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ, ಕಾಯಿಲೆಯವರು, ವಯಸ್ಸಾದವರು ಇರುವ ಮನೆಗೂ ನಗರಸಭೆ ಹೋಂ ಹೆಲ್ಪ್ ಕಳಿಸಬಹುದು ಅಂತಾಯಿತು. 'ಕಳಿಸಬಹುದು' ಅನ್ನೋದು 'ಕಳಿಸಲೇಬೇಕು' ಆಗೋಕೆ 1968ರ ಕಾಯ್ದೆ ಬರಬೇಕಾಯಿತು. ಸ್ನಾನ ಮಾಡಿಸೋದು, ಬಟ್ಟೆ ತೊಡಿಸೋದು, ಶೌಚಕ್ಕೆ ಕರೆದುಕೊಂಡು ಹೋಗೋದು ಇವೆಲ್ಲ ನರ್ಸ್ ಕೆಲಸವಾ, ಹೋಂ ಹೆಲ್ಪ್ ಕೆಲಸವಾ ಅಂತ ದಶಕಗಳ ಕಾಲ ಎಳೆದಾಡಿದರು. ನಿಧಾನಕ್ಕೆ ಅದು ಕಲಿತ ಕೈಯಿಂದ ಕಲಿಸದ ಕೈಗೆ ಜಾರಿತು.

ಎರಡನೆಯದು, ಕಾನೂನು ಕಟ್ಟಡವನ್ನು ನೋಡಿತು, ಮನೆಯನ್ನು ನೋಡಲಿಲ್ಲ. ಬ್ರಿಟನ್ನಿನಲ್ಲಿ ನರ್ಸಿಂಗ್ ಹೋಂಗಳಿಗೆ ನೋಂದಣಿ, ತಪಾಸಣೆ ಬಂದಿದ್ದು 1927ರಲ್ಲಿ. ಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಗಳಿಗೆ ನೋಂದಣಿ ಬೇಕು ಅಂತ ಕಾನೂನು ಹೇಳಿದ್ದು 2000ದ ಕಾಯ್ದೆಯಲ್ಲಿ! ಎಪ್ಪತ್ತಮೂರು ವರ್ಷದ ಅಂತರ. ಕಟ್ಟಡಕ್ಕೆ ಗೇಟಿದೆ, ಬೋರ್ಡಿದೆ, ಇನ್‌ಸ್ಪೆಕ್ಟರ್ ಸೀದಾ ಒಳಗೆ ಹೋಗಬಹುದು. ಮನೆ ಹಾಗಲ್ಲ. ಮನೆಗೆ ಹೊಸ್ತಿಲಿದೆ. ಸರ್ಕಾರ ಹೊಸ್ತಿಲು ದಾಟಿ ಬರೋದು ಯಾರಿಗೂ ಇಷ್ಟ ಇಲ್ಲ, ನಮಗೂ ಇಲ್ಲ.

ಈ ಮಧ್ಯೆ ಇನ್ನೊಂದು ಬದಲಾವಣೆ ಆಯಿತು. 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಸಮುದಾಯ ಆರೈಕೆಯ ಕಾಯ್ದೆ ತಂದಿತು. ಜಾರಿಯಾಗಿದ್ದು 1993ರ ಏಪ್ರಿಲ್‌ನಲ್ಲಿ. ಉದ್ದೇಶ ಒಳ್ಳೆಯದೇ. ವಯಸ್ಸಾದವರು ಆದಷ್ಟು ಕಾಲ ತಮ್ಮ ಮನೆಯಲ್ಲೇ ಇರಲಿ. ಆದರೆ ಅದಕ್ಕೆ ಕೇಂದ್ರ ಕೊಟ್ಟ ವಿಶೇಷ ಅನುದಾನದಲ್ಲಿ ಶೇ. 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳಿಗೇ ಖರ್ಚು ಮಾಡಬೇಕು ಅಂತ ಷರತ್ತಿತ್ತು. ಅಲ್ಲಿಯವರೆಗೆ ನಗರಸಭೆಯ ನೌಕರರಾಗಿದ್ದ, ಒಂದೇ ಬೀದಿಗೆ ವರ್ಷಗಟ್ಟಲೆ ಹೋಗುತ್ತಿದ್ದ ಹೋಂ ಹೆಲ್ಪ್‌ಗಳ ಜಾಗಕ್ಕೆ ಟೆಂಡರ್ ಹಿಡಿದ ಏಜೆನ್ಸಿಗಳು ಬಂದವು. ಟೆಂಡರ್ ಅಂದಮೇಲೆ ಗೊತ್ತಲ್ಲ? ಕಮ್ಮಿ ರೇಟು ಕೋಟ್ ಮಾಡಿದವರಿಗೆ ಕೆಲಸ.

ಆರೈಕೆಯನ್ನು ನಿಮಿಷದ ಲೆಕ್ಕದಲ್ಲಿ ಕೊಳ್ಳೋಕೆ ಶುರು ಮಾಡಿದರು. ಹದಿನೈದು ನಿಮಿಷದ ಭೇಟಿ ಅನ್ನೋದೊಂದು ಹುಟ್ಟಿಕೊಂಡಿತು. ಯೋಚನೆ ಮಾಡಿ. ಬಾಗಿಲು ತೆಗೆದು ಒಳಗೆ ಹೋಗಬೇಕು, ಅಜ್ಜಿಯನ್ನು ಎಬ್ಬಿಸಬೇಕು, ಶೌಚಕ್ಕೆ ಕರೆದುಕೊಂಡು ಹೋಗಬೇಕು, ಮುಖ ತೊಳೆಸಬೇಕು, ತಿಂಡಿ ಕೊಡಬೇಕು, ಮಾತ್ರೆ ನುಂಗಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಹೊರಡಬೇಕು. ಹದಿನೈದು ನಿಮಿಷ! ನಮ್ಮ ಅಜ್ಜಿಗೆ ಒಂದು ಇಡ್ಲಿ ತಿನ್ನಿಸೋಕೆ ಇಪ್ಪತ್ತು ನಿಮಿಷ ಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯಕ್ಕೆ ಎಷ್ಟೋ ಕಡೆ ಸಂಬಳ ಇಲ್ಲ. ಬಂದ ಹೊತ್ತು, ಹೋದ ಹೊತ್ತನ್ನು ರೋಗಿಯ ಮನೆಯ ಫೋನಿನಿಂದಲೇ ಕರೆ ಮಾಡಿ ದಾಖಲಿಸುವ ವ್ಯವಸ್ಥೆಯೂ ಬಂತು. ಎಂಜಿನಿಯರ್ ಆಗಿ ಹೇಳ್ತೀನಿ, ಇದು ಅಳೆಯಲು ಸುಲಭವಾದದ್ದನ್ನು ಅಳೆಯುವ ಕಾಯಿಲೆ. ಆಯಾ ಎಷ್ಟು ಹೊತ್ತಿಗೆ ಬಂದಳು ಅಂತ ಫೋನ್ ಹೇಳುತ್ತೆ. ಅಜ್ಜಿಯ ಬೆನ್ನು ಹೇಗಿದೆ ಅಂತ ಹೇಳಲ್ಲ.

ಕೊನೆಗೂ 2000ದ ಕಾಯ್ದೆಯ ಹಿಂದೆಯೇ ನಿಯಮಗಳು ಬಂದವು. 2009ರಿಂದ ಇಂಗ್ಲೆಂಡಿನಲ್ಲಿ ಈ ಕೆಲಸ ನೋಡುತ್ತಿರೋದು ಕೇರ್ ಕ್ವಾಲಿಟಿ ಕಮಿಷನ್. ಸ್ನಾನ, ಶೌಚ, ಬಟ್ಟೆ, ಊಟ, ಬಾಯಿ-ಚರ್ಮದ ಶುಚಿ ಇವುಗಳಿಗೆ 'ಪರ್ಸನಲ್ ಕೇರ್' ಅಂತ ಕಾನೂನಿನಲ್ಲೇ ಹೆಸರಿದೆ. ಮನೆಮನೆಗೆ ಹೋಗಿ ಅದನ್ನು ಕೊಡುವ ಸಂಸ್ಥೆ ನೋಂದಾಯಿಸಿಕೊಳ್ಳಲೇಬೇಕು. ಬರೀ ಕಸ ಗುಡಿಸಿ ಪಾತ್ರೆ ತೊಳೆಯೋದಾದರೆ ಬೇಡ. ತಪಾಸಣೆಗೆ ಬರುವವರು ಐದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ: ಸುರಕ್ಷಿತವಾಗಿದೆಯಾ? ಪರಿಣಾಮಕಾರಿಯಾ? ಕಾಳಜಿ ಇದೆಯಾ? ಆ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತಿದೆಯಾ? ಸಂಸ್ಥೆಯನ್ನು ನಡೆಸುವವರು ಸರಿಯಾಗಿ ನಡೆಸುತ್ತಿದ್ದಾರಾ? ಉತ್ತರ ನೋಡಿ ಹೋಟೆಲಿಗೆ ಸ್ಟಾರ್ ಕೊಟ್ಟ ಹಾಗೆ ನಾಲ್ಕು ದರ್ಜೆಯಲ್ಲಿ ಒಂದನ್ನು ಕೊಡುತ್ತಾರೆ, ಎಲ್ಲರೂ ನೋಡುವ ಹಾಗೆ ಪ್ರಕಟಿಸುತ್ತಾರೆ. ಹೊಸ್ತಿಲಿನ ಸಮಸ್ಯೆಗೂ ಒಂದು ದಾರಿ ಕಂಡುಕೊಂಡಿದ್ದಾರೆ. ಏಜೆನ್ಸಿಯ ಕಚೇರಿ, ದಾಖಲೆ, ತರಬೇತಿ ನೋಡುತ್ತಾರೆ. ಆರೈಕೆ ಪಡೆಯುವವರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಮನೆಯೊಳಗೆ ಹೋಗೋದು ಮನೆಯವರು ಒಪ್ಪಿದರೆ ಮಾತ್ರ.

ಹಾಗಾದರೆ ಎಲ್ಲ ಸರಿ ಹೋಯಿತಾ? ಇಲ್ಲ. ನೋಂದಣಿ ಬಂದು ವರ್ಷಗಳಾದ ಮೇಲೆ, 2011ರಲ್ಲಿ, ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಮನೆ ಆರೈಕೆಯ ಬಗ್ಗೆ ದೊಡ್ಡ ವಿಚಾರಣೆ ನಡೆಸಿತು. ತೃಪ್ತಿಯಿಂದ ಇದ್ದವರು ಬಹಳ ಜನ ಸಿಕ್ಕರು. ಆದರೆ ಊಟ ಇಟ್ಟು ಹೋಗಿದ್ದಾರೆ, ತಿನ್ನಿಸೋಕೆ ಟೈಮಿಲ್ಲ ಅಂತ ಹಸಿದು ಕೂತವರೂ ಸಿಕ್ಕರು. ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಮಲಗಿದವರು ಸಿಕ್ಕರು. ಇನ್ನೂ ಒಂದು ವಿಚಿತ್ರ. ನಗರಸಭೆ ದುಡ್ಡು ಕೊಟ್ಟು ಖಾಸಗಿ ಏಜೆನ್ಸಿಯಿಂದ ಮನೆಯಲ್ಲಿ ಆರೈಕೆ ಮಾಡಿಸಿದರೆ ಅಂಥವರಿಗೆ ಮಾನವ ಹಕ್ಕುಗಳ ಕಾಯ್ದೆಯ ನೇರ ರಕ್ಷಣೆ ಇದೆ ಅಂತ ಸ್ಪಷ್ಟವೇ ಇರಲಿಲ್ಲ. ಆರೈಕೆ ಕೇಂದ್ರದ ಕಟ್ಟಡದಲ್ಲಿದ್ದವರಿಗೆ ಅದು 2008ರಲ್ಲೇ ಸಿಕ್ಕಿತ್ತು. ಮನೆಯಲ್ಲಿದ್ದವರಿಗೆ ಸಿಕ್ಕಿದ್ದು 2014ರ ಕೇರ್ ಆ್ಯಕ್ಟ್‌ನಲ್ಲಿ. ಮತ್ತೆ ಅದೇ ಕಥೆ. ಮೊದಲು ಕಟ್ಟಡ, ಆಮೇಲೆ ಮನೆ.

2015ರಲ್ಲಿ ಎರಡು ಒಳ್ಳೆಯ ಕೆಲಸ ಆಯಿತು. ಹೊಸದಾಗಿ ಸೇರುವ ಆರೈಕೆ ಕಾರ್ಯಕರ್ತರಿಗೆ 'ಕೇರ್ ಸರ್ಟಿಫಿಕೇಟ್' ಅನ್ನೋ ಮೂಲ ತರಬೇತಿ ಬಂತು. ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ 'ನೈಸ್' ಸಂಸ್ಥೆ, ಅರ್ಧ ಗಂಟೆಗಿಂತ ಕಮ್ಮಿ ಭೇಟಿ ಸಾಮಾನ್ಯವಾಗಿ ಬೇಡ, ಬಂದವರು ಪರಿಚಿತರಾಗಿದ್ದು ನಿರ್ದಿಷ್ಟವಾದ ಒಂದು ಕೆಲಸಕ್ಕಾದರೆ ಮಾತ್ರ ಆಗಬಹುದು ಅಂತ ಹೇಳಿತು. ಅಂದರೆ ಕಲಿಸಿ, ಸಮಯ ಕೊಡಿ. 1876ರಲ್ಲಿ ನೈಟಿಂಗೇಲ್ ಇದ್ದ ಜಾಗಕ್ಕೇ ಸುತ್ತಿ ಬಂದು ನಿಂತರು.

ಮೂರನೆಯದು, ಬಂದು ನೋಡೋದು. ಅದೂ ಕೈಕೊಟ್ಟಿತು. 2024ರ ಜುಲೈನಲ್ಲಿ ಡಾ. ಪೆನ್ನಿ ಡ್ಯಾಶ್ ಅವರ ಮಧ್ಯಂತರ ವರದಿ ಬಂದಾಗ, ಕೇರ್ ಕ್ವಾಲಿಟಿ ಕಮಿಷನ್ ತಪಾಸಣೆ ಮಾಡಬಹುದಾದ ಐದು ಜಾಗಗಳಲ್ಲಿ ಒಂದಕ್ಕೆ ಒಂದು ಸಲವೂ ದರ್ಜೆ ಕೊಟ್ಟೇ ಇಲ್ಲ ಅನ್ನೋದು ಹೊರಬಿತ್ತು. ಆ ಸಂಸ್ಥೆ ತನ್ನ ಕೆಲಸಕ್ಕೆ ಯೋಗ್ಯವಾಗಿಲ್ಲ ಅಂತ ಅಲ್ಲಿನ ಆರೋಗ್ಯ ಸಚಿವರೇ ಹೇಳಬೇಕಾಯಿತು. ಕಾಯ್ದೆ ಬರೆದ ಕೂಡಲೇ ಅಜ್ಜಿಯ ಬೆನ್ನು ವಾಸಿಯಾಗಲ್ಲ.

ಹೀಗೆ ಹೇಳಿದರೆ "ನಮ್ಮಲ್ಲಿ ಇದೆಲ್ಲ ಬೇಕಿಲ್ಲ ಬಿಡಿ, ನಾವು ಮನೆಯವರೇ ನೋಡಿಕೊಳ್ತೀವಿ" ಅನ್ನುವವರಿದ್ದಾರೆ. ನಿಜ, ನಮ್ಮಲ್ಲೂ ಒಂದು ವ್ಯವಸ್ಥೆ ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನಪಿಸಿಕೊಳ್ಳಿ. ದುಡ್ಡು ತೆಗೆದುಕೊಳ್ಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ, 2018ರಲ್ಲಿ ಪದ್ಮಶ್ರೀ ಬಂತು. ಶಾಲೆಗೆ ಹೋದವರಲ್ಲ. ಆದರೆ ಕಲಿಯದೆ ಕೈ ಹಾಕಿದವರೂ ಅಲ್ಲ. ತಮ್ಮ ಅಜ್ಜಿಯ ಜೊತೆ ನಿಂತು, ನೋಡಿ ಕಲಿತವರು. ಅವರ ಕೈಗುಣ ಹೇಗಿದೆ ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತಿತ್ತು. ಅಲ್ಲಿ ಊರೇ ಇನ್‌ಸ್ಪೆಕ್ಟರ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಊರು ಎಲ್ಲಿದೆ? ಎದುರು ಮನೆಯವರ ಹೆಸರು ನನಗೆ ಗೊತ್ತಾಗಿದ್ದು ಕೊರಿಯರ್ ತಪ್ಪಿ ನಮ್ಮ ಮನೆಗೆ ಬಂದಾಗ. ಇನ್ನು ಮನೆಯವರೇ ನೋಡಿಕೊಳ್ತೀವಿ ಅನ್ನೋ ಮಾತಿನಲ್ಲಿ 'ಮನೆಯವರು' ಅಂದರೆ ಯಾರು? ನಮ್ಮ ಮನೆಯಲ್ಲಿ ಅದು ಅಮ್ಮ ಒಬ್ಬಳೇ. ಅವಳಿಗೂ ಅರವತ್ತು ದಾಟಿದೆ.

ಊರಿನ ಕಣ್ಣನ್ನು ಹೊಸ ಕಾಲಕ್ಕೆ ಹೊಂದಿಸಿದ ಉದಾಹರಣೆ ಪಕ್ಕದ ಕೇರಳದಲ್ಲಿದೆ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತವರ ಜೊತೆಗಾರರು ನೋವು ಶಮನದ ಒಂದು ಸೊಸೈಟಿ ಶುರು ಮಾಡಿದರು. ಆಮೇಲೆ ಮಲಪ್ಪುರಂ ಸುತ್ತಮುತ್ತ ಅದು ನೆರೆಹೊರೆಯ ಜಾಲವಾಯಿತು. ಅಕ್ಕಪಕ್ಕದ ಜನರೇ ತರಬೇತಿ ಪಡೆದ ಸ್ವಯಂಸೇವಕರು, ಅವರ ಜೊತೆ ನರ್ಸ್, ಹಿಂದೆ ಡಾಕ್ಟರ್. ಹಾಸಿಗೆ ಹಿಡಿದವರ ಮನೆಗೇ ಹೋಗೋದು. ಮನೆಯವರಿಗೆ ಕಲಿಸೋದು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ನೀತಿಯಾಗಿ ಒಪ್ಪಿ, ಪಂಚಾಯಿತಿಗಳನ್ನು ಜೋಡಿಸಿತು. ಲಿವರ್‌ಪೂಲಿನ 18 ವಿಭಾಗ ನೆನಪಾಗಲ್ವಾ?

ಇನ್ನು ದಿಲ್ಲಿಯ ವಿಷಯ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ನಮ್ಮಲ್ಲಿ 2007ರಿಂದ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ದೂರು ಕೊಡಬಹುದು. 2019ರ ಡಿಸೆಂಬರ್‌ನಲ್ಲಿ ಇದಕ್ಕೆ ತಿದ್ದುಪಡಿ ತರುವ ಮಸೂದೆ ಲೋಕಸಭೆಗೆ ಬಂತು. ವೃದ್ಧಾಶ್ರಮಗಳ ಜೊತೆಗೆ, ಹಿರಿಯರ ಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು, ಅವುಗಳಿಗೆ ಕನಿಷ್ಠ ಮಾನದಂಡ ಇರಬೇಕು ಅಂತ ಅದರಲ್ಲಿತ್ತು. ಮಂಡಿಸಿದ್ದು ಆಗಿನ ಸಾಮಾಜಿಕ ನ್ಯಾಯ ಸಚಿವ ಥಾವರ್‌ಚಂದ್ ಗೆಹ್ಲೋಟ್. ಹೌದು, 2021ರಲ್ಲಿ ನಮ್ಮ ರಾಜ್ಯಪಾಲರಾಗಿ ಬಂದವರೇ. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿ ಕೊಟ್ಟಿತು, ಅಲ್ಲಿಗೆ ನಿಂತಿತು. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದರ ಜೊತೆಗೇ ಹೋಯಿತು. ನಾಲ್ಕೂವರೆ ವರ್ಷದಲ್ಲಿ ಅದರ ಬಗ್ಗೆ ನನ್ನ ಕಾರ್ಯಕ್ರಮದಲ್ಲಿ ಎಷ್ಟು ಚರ್ಚೆ ಮಾಡಿದ್ದೇನೆ ಅಂತ ಹಿಂತಿರುಗಿ ನೋಡಿದೆ. ಒಂದೂ ಇಲ್ಲ. ಸಿಸಿಟಿವಿ ತುಣುಕಿಗೆ ಇಡೀ ದಿನ, ಮಸೂದೆಗೆ ಸೊನ್ನೆ.

ಎಂಜಿನಿಯರಿಂಗ್‌ನಲ್ಲಿ ಎರಡು ಥರದ ಮೇಂಟೆನೆನ್ಸ್ ಕಲಿಸುತ್ತಾರೆ. ಕೆಟ್ಟ ಮೇಲೆ ರಿಪೇರಿ ಮಾಡೋದು ಒಂದು, ಕೆಡದ ಹಾಗೆ ನೋಡಿಕೊಳ್ಳೋದು ಇನ್ನೊಂದು. ಕೋಣೆಯ ಮೂಲೆಯ ಕ್ಯಾಮೆರಾ ಮೊದಲನೆಯ ಥರದ್ದು. ಹೊಡೆದ ಮೇಲೆ ತೋರಿಸುತ್ತೆ. ಜೊತೆಗೆ ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಅಜ್ಜಿಯ ಮಾನವನ್ನೂ ಮೊಬೈಲಿಗೆ ಕಳಿಸುತ್ತೆ. ಕ್ಯಾಮೆರಾನೇ ಬೇಡ ಅಂತ ಹೇಳ್ತಿಲ್ಲ. ಹೊಡೆಯುವವರಿದ್ದಾರೆ, ಅವರಿಗೆ ಶಿಕ್ಷೆ ಆಗಬೇಕು. ಆದರೆ ಕಲಿಸದೆ ಇದ್ದದ್ದಕ್ಕೆ, ಒಬ್ಬಳೇ ಹೆಂಗಸನ್ನು ಇಪ್ಪತ್ನಾಲ್ಕು ಗಂಟೆ ದುಡಿಸಿದ್ದಕ್ಕೆ ಆಗುವ ಗಾಯ ಕ್ಯಾಮೆರಾದಲ್ಲಿ ಕಾಣಲ್ಲ. ಅದು ಬೆನ್ನ ಕೆಳಗಿರುತ್ತೆ.

ಇಪ್ಪತ್ನಾಲ್ಕು ಗಂಟೆ ದುಡಿಸಿದ್ದು ಯಾರು? ಬ್ಯೂರೋ ಮಾತ್ರ ಅಲ್ಲ, ನಾನೂ. ಅಕ್ಕ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತಾಳೆ ಅಂತ ಏಳೆಂಟು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. 2022ರ ಫೆಬ್ರವರಿಯಲ್ಲಿ ಬ್ರಿಟನ್ ಈ ಕೆಲಸಕ್ಕೆ ಹೊರದೇಶದವರಿಗೂ ವೀಸಾ ತೆರೆಯಿತು, 2025ರ ಜುಲೈನಲ್ಲಿ ಮುಚ್ಚಿತು. ನಡುವಿನ ಮೂರು ವರ್ಷ ಭಾರತದಿಂದ ಸಾವಿರಾರು ಜನ ಹೋದರು. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಮೋಸ ಹೋದವರೂ ಇದ್ದಾರೆ. ಆದರೂ ಯಾಕೆ ಹೋದರು? ಅಲ್ಲಿ ಇದು ಹೆಸರಿರುವ ಕೆಲಸ, ತರಬೇತಿ ಇರುವ ಕೆಲಸ. ಇಲ್ಲಿ 'ಯಾರಾದರೂ ಒಬ್ಬರು ಸಿಕ್ಕಿದರೆ ಸಾಕು' ಅನ್ನೋ ಕೆಲಸ.

ನಮ್ಮ ಮನೆಯಲ್ಲಿ ಏನು ಮಾಡಿದೆವು ಅಂತ ಹೇಳಿ ಮುಗಿಸ್ತೀನಿ. ಅಕ್ಕನನ್ನು ಕಳಿಸಲಿಲ್ಲ. ಪರಿಚಯದ ನರ್ಸ್ ಒಬ್ಬರನ್ನು ಎರಡು ಭಾನುವಾರ ಕರೆಸಿದೆವು. ಮೊಣಕಾಲಿನ ನಡುವೆ ದಿಂಬು ಹೇಗೆ ಇಡೋದು, ಬೆಡ್‌ಶೀಟ್ ಎಳೆದು ಮಗ್ಗುಲು ಬದಲಿಸೋದು ಹೇಗೆ, ಚರ್ಮ ಕೆಂಪಾದರೆ ಏನು ಅರ್ಥ, ಇಷ್ಟನ್ನು ಅಕ್ಕನಿಗೆ, ಅಮ್ಮನಿಗೆ, ನನಗೆ ಮೂವರಿಗೂ ಕಲಿಸಿದರು. ಗೋಡೆಗೆ ಒಂದು ಚಾರ್ಟ್ ಅಂಟಿಸಿದೆವು. ಎಡ, ಬೆನ್ನು, ಬಲ. ಪಕ್ಕದಲ್ಲಿ ಹೊತ್ತು. ರಾತ್ರಿ ಹನ್ನೊಂದರ ಮತ್ತು ಒಂದು ಗಂಟೆಯ ಸರದಿ ನನ್ನದು, ಹೇಗೂ ನಾನು ಮಲಗೋದು ಲೇಟು. ವಾರಕ್ಕೊಂದು ದಿನ ಅಕ್ಕನಿಗೆ ರಜೆ. ಗಾಯ ಒಣಗೋಕೆ ಎರಡು ತಿಂಗಳು ಹಿಡಿಯಿತು. ಒಂದು ರಾತ್ರಿ ಮಗ್ಗುಲು ಬದಲಿಸುವಾಗ ಅಜ್ಜಿ "ನೀನೇನು ಮರಿ, ಟೀವಿ ಬಿಟ್ಟು ಇಲ್ಲಿ?" ಅಂದಳು.

ಈ ಕಾಮೆಂಟರಿ ಮಾಡ್ತೀನಿ ಅಂದಾಗ ನಮ್ಮ ಪ್ರೊಡ್ಯೂಸರ್ ಕೇಳಿದರು, "ವಿಶುವಲ್ ಏನಿದೆ?" ಆ ಚಾರ್ಟಿನ ಫೋಟೋ ಕೊಟ್ಟೆ. ಬಾಲ್‌ಪೆನ್ನಿನಲ್ಲಿ ಗೆರೆ ಎಳೆದ, ಅಕ್ಷರ ಬಾರದ ಅಕ್ಕ ಹೊತ್ತು ಹೊತ್ತಿಗೆ ಒಂದೊಂದು ಗೀಟು ಹಾಕಿದ ಹಾಳೆ. ಆವತ್ತು ಸ್ಕ್ರೀನಿನ ಮೇಲೆ ಇದ್ದದ್ದು ಅದೊಂದೇ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕೋಣೆ ಇದ್ದರೆ ಇವತ್ತೇ ಅಲ್ಲಿಗೆ ಹೋಗಿ. ನೋಡಿಕೊಳ್ಳುತ್ತಿರುವವರನ್ನು ಮೂರು ಮಾತು ಕೇಳಿ. ನಿಮಗೆ ಇದನ್ನು ಯಾರು ಕಲಿಸಿದರು? ನಿಮಗೆ ನಿದ್ದೆಗೆ ಸಮಯ ಸಿಗುತ್ತಾ? ಡೌಟ್ ಬಂದರೆ ಯಾರನ್ನು ಕೇಳ್ತೀರಿ? ಆಮೇಲೆ ಓಟು ಕೇಳೋಕೆ ಬಂದವರನ್ನು ನಾಲ್ಕನೆಯದು ಕೇಳಿ: ಆ ಮಸೂದೆ ಮತ್ತೆ ಯಾವಾಗ ತರ್ತೀರಿ? ಅದನ್ನು ನಾನೂ ಸ್ಟುಡಿಯೋದಲ್ಲಿ ಕೂತು ಕೇಳ್ತೀನಿ. ಈ ಸಲ ಮರೆಯಲ್ಲ.